ಅಪ್‌ಡೇಟ್: ಒಂದೇ ಬ್ಯಾಗಲ್ಲಿ ಆಗುಂಬೆ ಮಳೆ ಮುಗಿಸಿ ಬಂದೆ

ಜುಲೈಯಲ್ಲಿ ಐದು ದಿನ ತೀರ್ಥಹಳ್ಳಿ, ಕವಲೇದುರ್ಗ, ಆಗುಂಬೆ ಸುತ್ತೋಕೆ ಒಂದೇ ಬ್ಯಾಗ್ ಸಾಕಾ ಅಂತ ಕೇಳಿದ್ದೆನಲ್ಲ, ಹೋಗಿ ಬಂದೆ. ಸಾಕು. ಆದರೆ ನಾನು ತುಂಬಿಕೊಂಡಿದ್ದು ತಪ್ಪು.

ಆಗ ನೀವೆಲ್ಲ ಜೀನ್ಸ್ ಬೇಡ ಅಂದಿದ್ರಿ, ನಾನು ಕೇಳಲಿಲ್ಲ. ವರ್ಷಕ್ಕೆ ಸುಮಾರು 7,000 ಮಿಲಿಮೀಟರ್ ಮಳೆ ಬೀಳೋ ಊರು ಆಗುಂಬೆ. ಅಲ್ಲಿ ಗಾಳಿಯೇ ಒದ್ದೆ, ಬಟ್ಟೆ ಒಣಗೋದೆಲ್ಲಿಂದ? ಮೊದಲ ದಿನ ನೆನೆದ ಜೀನ್ಸ್ ಮೂರನೇ ದಿನ ವಾಸನೆ ಹೊಡೀತಿತ್ತು. ಉಳಿದುಕೊಂಡ ಮನೆಯ ಅಮ್ಮ ನೋಡಿ ನಕ್ಕು, "ಕೊಡು ಮಾರಾಯ" ಅಂತ ಬಚ್ಚಲ ಒಲೆ ಮೇಲಿನ ಹಗ್ಗಕ್ಕೆ ಹಾಕಿದ್ರು. ಒಣಗಿತು, ಹೊಗೆ ವಾಸನೆ ಮಾತ್ರ ಶಿವಮೊಗ್ಗ ಬಸ್‌ಸ್ಟ್ಯಾಂಡ್ ತನಕ ಬಂತು!

ನಿಜಕ್ಕೂ ಕೆಲಸಕ್ಕೆ ಬಂದಿದ್ದು: ಎರಡು ತೆಳು ಪ್ಯಾಂಟು, ಒಂದು ಪಂಚೆ (ಹೊದೆಯೋಕೂ, ಒರೆಸಿಕೊಳ್ಳೋಕೂ ಅದೇ), ದಪ್ಪ ಪ್ಲಾಸ್ಟಿಕ್ ಕವರ್, ಇಂಬಳಕ್ಕೆ (ರಕ್ತ ಹೀರೋ ಜಿಗಣೆ) ಉಪ್ಪಿನ ಪೊಟ್ಟಣ. ಎರಡನೇ ಶೂ, ಪುಸ್ತಕ, ಹೇರ್ ಡ್ರೈಯರ್ ಸುಮ್ಮನೆ ಹೊತ್ತಿದ್ದು. ಕರೆಂಟ್ ಇದ್ರೆ ತಾನೆ ಡ್ರೈಯರ್!

ಮನೆಗೆ ಬಂದು ಬೀರು ತೆಗೆದೆ. ಹನ್ನೊಂದು ಜೀನ್ಸ್. ಏಳು ಕೊಟ್ಟುಬಿಟ್ಟೆ, ಉಳಿದ ನಾಲ್ಕರ ಬಗ್ಗೆ ಹೆಂಡತಿ ಜೊತೆ ಮಾತುಕತೆ ನಡೀತಿದೆ.