ಅಪ್‌ಡೇಟ್: ಅಜ್ಜಿಯ ಬೆಳ್ಳಿ ನೇವಳ ಕರಗಿಸಲಿಲ್ಲ!

ಎರಡು ವಾರದ ಹಿಂದೆ ಇಲ್ಲಿ ಕೇಳಿದ್ದೆ: ಅಜ್ಜಿಯ ಕೈಕೆಲಸದ ಬೆಳ್ಳಿ ನೇವಳ (ಸೊಂಟಕ್ಕೆ ಹಾಕುವ ಸರ) ಕಪ್ಪಾಗಿದೆ, ಒಂದು ಕೊಂಡಿ ತುಂಡಾಗಿದೆ, ರಿಪೇರಿ ಮಾಡಿಸಲಾ, ಕೊಟ್ಟು ಹೊಸದು ತರಲಾ ಅಂತ. ಕಾಸರಗೋಡಿನ ಒಂದು ಅಂಗಡಿಯವರು ತೂಕಕ್ಕೆ ಹಾಕಿ, "ಹಳೇ ಮಾಲು" ಅಂದುಬಿಟ್ಟಿದ್ದರು.

"ಊರಿನ ಆಚಾರಿಗೆ (ಅಕ್ಕಸಾಲಿಗೆ) ತೋರಿಸಿ" ಅಂದವರಿಗೆ ದೊಡ್ಡ ಥ್ಯಾಂಕ್ಸ್. ಬದಿಯಡ್ಕದ ಹತ್ತಿರ ಒಬ್ಬರು ಹಿರಿಯರು ಸಿಕ್ಕಿದರು. ನೇವಳವನ್ನು ಬೆಳಕಿಗೆ ಹಿಡಿದು, "ಪ್ರತಿ ಕೊಂಡಿಗೂ ಬೇರೆ ಬೇರೆ ಬೆಸುಗೆ ಉಂಟು ನೋಡಿ, ಅದಕ್ಕೇ ಇಷ್ಟು ಕಾಲ ಬಾಳಿದ್ದು" ಅಂದರು. ತುಂಡಾದದ್ದು ಮೂಲ ಕೆಲಸ ಅಲ್ಲವೇ ಅಲ್ಲ ಮಾರಾಯ್ರೆ! ಹಿಂದೆ ಯಾರೋ ಸೀಸದ ಬೆಸುಗೆ ಹಾಕಿದ್ದ ಜಾಗ. ಅದನ್ನು ಹಾಗೇ ಕಾಯಿಸಿದರೆ ಸೀಸ ಬೆಳ್ಳಿಯನ್ನೇ ತಿಂದು ಗುಳಿ ಮಾಡುತ್ತದಂತೆ. ಹಾಗಾಗಿ ಮೊದಲು ಪೂರ್ತಿ ಅರದಿಂದ ಉಜ್ಜಿ ತೆಗೆದರು. ಆಮೇಲೆ ಬಿಳಿಗಾರ (ಬೋರಾಕ್ಸ್) ಹಚ್ಚಿ, ಬೆಳ್ಳಿ ಬೆಸುಗೆ ಹಾಕಿದರು. ಕೂಲಿ 400 ರೂಪಾಯಿ.

ಕಪ್ಪು ತೆಗೆಯಲು ಕೆಲವರು ಹೇಳಿದ ಟೂತ್‌ಪೇಸ್ಟ್ ಐಡಿಯಾ ಬೇಡ. ಒಂದು ಕಡೆ ಉಜ್ಜಿ ನೋಡಿದೆ, ಸಣ್ಣ ಗೀರುಗಳು ಬಿದ್ದವು. ಅಲ್ಯೂಮಿನಿಯಂ ಫಾಯಿಲ್, ಅಡುಗೆ ಸೋಡಾ, ಬಿಸಿನೀರು ಕೆಲಸ ಮಾಡುತ್ತದೆ ನಿಜ, ನನ್ನ ಹಳೇ ಕಾಲುಂಗುರ ಫಳಫಳ ಆಯಿತು. ಆದರೆ ಚಿತ್ತಾರದ ಸಂದಿನ ಕಪ್ಪೂ ಹೋಗಿ ಹೂವು ಸಪ್ಪೆಯಾಯಿತು. ನೇವಳಕ್ಕೆ ಅಂಟುವಾಳದ ನೀರು, ಮೆತ್ತಗಿನ ಬ್ರಷ್, ಅಷ್ಟೇ.

ಈಗ ಮಗಳು ಬಿಚ್ಚಲು ಒಪ್ಪುತ್ತಿಲ್ಲ.