ಪದಚರ್ಚೆ: ಟೇಪ್ ರೆಕಾರ್ಡರಿನ ‘ಟ್ರ್ಯಾಕ್’ ಎಂದರೆ ಪಟ್ಟೆಯೋ, ಎಳೆಯೋ?

ಮಾನ್ಯರೇ,

ಮನೆಯಲ್ಲೇ ಕುಳಿತು ತಮ್ಮ ಹಾಡನ್ನೂ ವಾದ್ಯವನ್ನೂ ಅನಲಾಗ್ ಟೇಪಿನಲ್ಲಿ ಮುದ್ರಿಸಿಕೊಳ್ಳಬೇಕೆಂದು ಮೊದಲ ಯಂತ್ರವನ್ನು ಹುಡುಕುತ್ತಿರುವವರಿಗಾಗಿ ಕನ್ನಡದಲ್ಲಿ ಒಂದು ಕಿರುಹೊತ್ತಗೆಯನ್ನು ಬರೆಯುತ್ತಿದ್ದೇನೆ. ಬರವಣಿಗೆ ‘ಟ್ರ್ಯಾಕ್’ ಎಂಬ ಒಂದು ಪದದ ಬಳಿ ಬಂದು ನಿಂತಿದೆ. ಎಲ್ಲ ಪದಗಳನ್ನೂ ಕನ್ನಡಿಸಬೇಕೆಂಬ ಹಟ ನನಗಿಲ್ಲ. ಟೇಪ್, ಹೆಡ್, ಕ್ಯಾಸೆಟ್, ರೀಲ್ ಎಂಬವನ್ನು ಜನ ಬಳಸುವಂತೆಯೇ ಬಳಸಿದ್ದೇನೆ, ಏಕೆಂದರೆ ಅವುಗಳಲ್ಲಿ ಪ್ರತಿಯೊಂದೂ ಕೈಯಿಂದ ಮುಟ್ಟಿ ತೋರಿಸಬಹುದಾದ ಒಂದೊಂದು ವಸ್ತುವನ್ನು ಸೂಚಿಸುತ್ತದೆ. ‘ಟ್ರ್ಯಾಕ್’ ಹಾಗಲ್ಲ. ಅದನ್ನು ಇದ್ದಂತೆ ಬಿಟ್ಟರೆ ಓದಿದವರು ತಮಗೆ ಒದಗದ ಯಂತ್ರವನ್ನು ಕೊಂಡುಬಿಡುತ್ತಾರೆ ಎಂಬುದನ್ನು ನಮ್ಮ ಮನೆಯಲ್ಲೇ ಕಂಡಿದ್ದೇನೆ.

ನನ್ನ ತಂಗಿಯ ಮಗ ಗಿಟಾರ್ ನುಡಿಸಿ, ಅದನ್ನು ಕೇಳುತ್ತ ತಾನೇ ಹಾಡಿ, ಆಮೇಲೆ ಮತ್ತೊಂದು ದನಿಯನ್ನು ಜೋಡಿಸಬೇಕೆಂದು ಬಯಸಿದ್ದ. ಹಳೆಯ ರೀಲ್ ಯಂತ್ರವೊಂದರ ಮುಖದ ಮೇಲೆ ‘4 ಟ್ರ್ಯಾಕ್ ಸ್ಟೀರಿಯೋ’ ಎಂದು ಬರೆದಿದ್ದುದನ್ನು ನೋಡಿ, ನಾಲ್ಕು ಸಲ ಬೇರೆಬೇರೆಯಾಗಿ ಮುದ್ರಿಸಬಹುದೆಂದು ತಿಳಿದು ಅದನ್ನು ಕೊಂಡು ತಂದ. ವಾರದ ಬಳಿಕ, “ದೊಡ್ಡಮ್ಮ, ನಾಲ್ಕು ಎಂದು ಬರೆದಿದ್ದಾರೆ, ಆದರೆ ಎರಡೇ ಬರುತ್ತಿದೆ, ಯಂತ್ರ ಕೆಟ್ಟಿದೆಯೇ?” ಎಂದು ಕೇಳಿದ. ಯಂತ್ರ ಕೆಟ್ಟಿರಲಿಲ್ಲ, ಅದರ ಮೇಲಿನ ಬರಹವೂ ಸುಳ್ಳಾಗಿರಲಿಲ್ಲ. ಆ ಬರಹದಲ್ಲಿದ್ದ ಟ್ರ್ಯಾಕ್ ಬೇರೆ, ಅವನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದ ಟ್ರ್ಯಾಕ್ ಬೇರೆ.

ಮನೆಬಳಕೆಯ ರೀಲ್ ಟೇಪಿನ ಅಗಲ ಕಾಲು ಅಂಗುಲ, ಎಂದರೆ 6.35 ಮಿ.ಮೀ. ಸ್ಟೀರಿಯೋ ಯಂತ್ರಗಳಲ್ಲಿ ಹಲವು ಈ ಅಗಲವನ್ನು ಉದ್ದಕ್ಕೂ ಸುಮಾರು ಒಂದೊಂದು ಮಿ.ಮೀ.ನ ನಾಲ್ಕು ಭಾಗಗಳಾಗಿ ಹಂಚಿಕೊಂಡು, ಟೇಪು ಮುಂದಕ್ಕೆ ಓಡುವಾಗ ಒಂದನೆಯ ಮತ್ತು ಮೂರನೆಯ ಭಾಗಗಳಲ್ಲಿ ಎಡ–ಬಲ ದನಿಗಳನ್ನೂ, ರೀಲನ್ನು ತಿರುಗಿಸಿ ಹಾಕಿದಾಗ ಉಳಿದೆರಡು ಭಾಗಗಳಲ್ಲಿ ಮತ್ತೊಂದು ಕಾರ್ಯಕ್ರಮವನ್ನೂ ಮುದ್ರಿಸುತ್ತವೆ. ಟೇಪಿನ ಮೇಲೆ ಇರುವುದು ನಾಲ್ಕೇ ಆದರೂ ಒಂದು ಹೊತ್ತಿಗೆ ಕೇಳಿಸುವುದು ಎರಡು ಮಾತ್ರ. ನನ್ನ ತಂಗಿಯ ಮಗನಿಗೆ ಬೇಕಾಗಿದ್ದುದು, ನಾಲ್ಕೂ ಒಂದೇ ದಿಕ್ಕಿನಲ್ಲಿ ಓಡುವ, ಒಂದನ್ನು ಕೇಳುತ್ತಲೇ ಇನ್ನೊಂದನ್ನು ಮುದ್ರಿಸಬಹುದಾದ ಯಂತ್ರ. 1970ರ ದಶಕದಲ್ಲಿ ಬಂದ ಟಿಯಾಕ್ ಸಂಸ್ಥೆಯ ಎ-3340 ಅಂಥದ್ದು, ಅದರ ಟೇಪೂ ಕಾಲು ಅಂಗುಲದ್ದೇ. 1979ರಲ್ಲಿ ಬಂದ ಟಾಸ್ಕಾಮ್ ಪೋರ್ಟಾಸ್ಟುಡಿಯೋ 144 ಇದೇ ಕೆಲಸವನ್ನು ಮಾಮೂಲಿ ಕ್ಯಾಸೆಟ್ಟಿನಲ್ಲಿ, ದನಿಗಳನ್ನು ಬೆರೆಸುವ ಮಿಕ್ಸರನ್ನೂ ಒಳಗೊಂಡ ಒಂದೇ ಪೆಟ್ಟಿಗೆಯಲ್ಲಿ ಮಾಡಿತು. ಇವೆರಡನ್ನೂ ‘ನಾಲ್ಕು ಟ್ರ್ಯಾಕಿನ ಯಂತ್ರ’ ಎಂದೇ ಕರೆಯುತ್ತಾರೆ. ಮೊದಲನೆಯ ಬಗೆಯದನ್ನೂ ಹಾಗೆಯೇ ಕರೆಯುತ್ತಾರೆ. ಇವು ಸಾಲವೆಂಬಂತೆ, ಒಂದು ಕ್ಯಾಸೆಟ್ಟಿನಲ್ಲಿರುವ ಹತ್ತು ಹಾಡುಗಳನ್ನೂ ‘ಹತ್ತು ಟ್ರ್ಯಾಕ್’ ಎನ್ನುವ ರೂಢಿಯಿದೆ.

ಹೀಗೆ ಈ ಪದಕ್ಕೆ ಮೂರು ಅರ್ಥಗಳಿವೆ: ಟೇಪಿನ ಅಗಲದಲ್ಲಿ ಒಂದು ಪಾಲು, ಬೇರೆಯಾಗಿ ಮುದ್ರಿಸಿ ಉಳಿದವುಗಳ ಜೊತೆಗೆ ಕೇಳಬಹುದಾದ ಒಂದು ದನಿ, ಇಡೀ ಒಂದು ಹಾಡು. ಮೂರನೆಯದನ್ನು ‘ಹಾಡು’ ಎಂದೇ ಬರೆದರೆ ಸಾಕು. ನನ್ನ ಪ್ರಶ್ನೆಯಿರುವುದು ಮೊದಲ ಎರಡರ ಬಗ್ಗೆ.

ಟೇಪಿನ ಪಾಲಿಗೆ ‘ಪಥ’ ಮತ್ತು ‘ಜಾಡು’ ಎಂಬೆರಡು ಪದಗಳನ್ನು ಯೋಚಿಸಿ ನೋಡಿದೆ. ‘ಜಾಡು’ ಮೂಲಾರ್ಥಕ್ಕೆ ತೀರ ಹತ್ತಿರವಾದದ್ದು. ದನಿ ಹಾದುಹೋದ ಮೇಲೆ ಟೇಪಿನಲ್ಲಿ ಉಳಿಯುವುದು ಅದರ ಜಾಡೇ ಸರಿ. ಆದರೆ ಜಾಡು ಎಂದಾಗ ನಮ್ಮ ಮನಸ್ಸಿಗೆ ಬರುವುದು ಹಿಡಿದು ಹೋಗಬೇಕಾದ ಗುರುತೇ ಹೊರತು ಅಗಲವಲ್ಲ, ಮತ್ತು ಯಂತ್ರವನ್ನು ಆರಿಸುವವರು ತಿಳಿಯಬೇಕಾದುದು ಆ ಅಗಲವನ್ನೇ. ‘ಪಥ’ದ ತೊಡಕು ಬೇರೆಯದು. ಟೇಪು ರೀಲಿನಿಂದ ಹೊರಟು ಹೆಡ್‌ಗಳನ್ನು ಸವರಿಕೊಂಡು ಇನ್ನೊಂದು ರೀಲಿಗೆ ಸೇರುವ ದಾರಿಯನ್ನು ಹೇಳಲು ಅದೇ ಪದ ಬೇಕಾಗುತ್ತದೆ. ಆದ್ದರಿಂದ ನಾನು ‘ಪಟ್ಟೆ’ಯನ್ನು ಹಿಡಿದಿದ್ದೇನೆ. ಪಟ್ಟೆಗೆ ಅಗಲವಿದೆ, ಪಕ್ಕದಲ್ಲಿ ಇನ್ನೊಂದು ಪಟ್ಟೆಯಿದೆ, ನಡುವೆ ಖಾಲಿ ಜಾಗವಿದೆ. ಟೇಪಿನಲ್ಲಿ ಇರುವುದೂ ಹಾಗೆಯೇ. ‘ಪಟ್ಟೆಯ ಅಗಲ ಇಮ್ಮಡಿಯಾದರೆ ದನಿಗೂ ಹಿನ್ನೆಲೆಯ ಸದ್ದಿಗೂ ಇರುವ ಅಂತರ ಸುಮಾರು 3 ಡೆಸಿಬೆಲ್ ಹೆಚ್ಚುತ್ತದೆ’ ಎಂಬ ವಾಕ್ಯದಲ್ಲಿ ಪಟ್ಟೆ ಸಲೀಸಾಗಿ ಕೂರುತ್ತದೆ. ಕ್ಯಾಸೆಟ್ ಟೇಪಿನ ಒಟ್ಟು ಅಗಲ 3.81 ಮಿ.ಮೀ. ಮಾತ್ರ, ಅದರಲ್ಲಿ ನಾಲ್ಕು ಪಟ್ಟೆಗಳನ್ನು ಹಿಡಿಸಿದರೆ ಒಂದೊಂದಕ್ಕೆ ಸಿಗುವುದು ಸುಮಾರು 0.6 ಮಿ.ಮೀ. ಕ್ಯಾಸೆಟ್ ಯಂತ್ರವನ್ನು ಆರಿಸಿಕೊಂಡವರು ಹೆಚ್ಚಿನ ಹಿನ್ನೆಲೆ ಸದ್ದನ್ನು ಏಕೆ ಒಪ್ಪಿಕೊಳ್ಳಬೇಕಾಗುತ್ತದೆ, ಅಂಥ ಯಂತ್ರಗಳಲ್ಲಿ ಸದ್ದು ತಗ್ಗಿಸುವ ಡಾಲ್ಬಿ ಅಥವಾ ಡಿಬಿಎಕ್ಸ್ ವ್ಯವಸ್ಥೆ ಏಕೆ ಬೇಕಾಗುತ್ತದೆ ಎಂಬುದು ಈ ಅಳತೆಯಿಂದಲೇ ತಿಳಿಯುತ್ತದೆ. ‘ಪಟ್ಟಿ’ಗೂ ‘ಪಟ್ಟೆ’ಗೂ ಒಂದೇ ಸ್ವರದ ವ್ಯತ್ಯಾಸವಿರುವುದರಿಂದ ಅಚ್ಚಿನಲ್ಲಿ ತಪ್ಪಾಗಬಹುದೆಂಬ ಅಂಜಿಕೆ ಮಾತ್ರ ನನಗೆ ಉಳಿದಿದೆ.

ಬೇರೆಯಾಗಿ ಮುದ್ರಿಸಿದ ದನಿಗೆ ‘ಎಳೆ’ ಎನ್ನಬೇಕೆಂಬುದು ನನ್ನ ಒಲವು. ‘ಎರಡೆಳೆಯ ಸರ’ ಎಂಬಂತೆ ‘ನಾಲ್ಕೆಳೆಯ ಯಂತ್ರ’ ಎಂದರೆ ಕಿವಿಗೆ ಹೊಸದೆನಿಸುವುದಿಲ್ಲ. ಎಳೆಗಳು ಒಟ್ಟಿಗೆ ಸಾಗುತ್ತವೆ, ಆದರೆ ಬೇಕಾದಾಗ ಒಂದನ್ನೇ ಹಿಡಿದು ನೋಡಬಹುದು. ಈ ಎರಡು ಪದಗಳನ್ನು ಒಪ್ಪಿಕೊಂಡ ಮೇಲೆ ನನ್ನ ತಂಗಿಯ ಮಗ ಕೊಂಡದ್ದನ್ನು ‘ನಾಲ್ಕು ಪಟ್ಟೆ, ಎರಡೆಳೆಯ ಯಂತ್ರ’ ಎಂದೂ, ಪೋರ್ಟಾಸ್ಟುಡಿಯೋವನ್ನು ‘ನಾಲ್ಕು ಪಟ್ಟೆ, ನಾಲ್ಕೆಳೆಯ ಯಂತ್ರ’ ಎಂದೂ ಬರೆಯಬಹುದು. 1957ರಲ್ಲಿ ಆಂಪೆಕ್ಸ್ ಸಂಸ್ಥೆ ಗಿಟಾರ್ ವಾದಕ ಲೆಸ್ ಪಾಲ್ ಅವರಿಗೆ ಮಾಡಿಕೊಟ್ಟ ಯಂತ್ರದಲ್ಲಿ ಪಟ್ಟೆಯೂ ಎಂಟು, ಎಳೆಯೂ ಎಂಟು. ಪಟ್ಟೆಯೂ ಎಳೆಯೂ ಒಂದೇ ಸಂಖ್ಯೆಯಲ್ಲಿರುವ ಇಂಥ ಯಂತ್ರಗಳನ್ನಷ್ಟೇ ಬಳಸಿದವರಿಗೆ ಒಂದೇ ಪದ ಸಾಕೆನಿಸುತ್ತದೆ. ಗೊಂದಲ ಹುಟ್ಟಿದ್ದೂ ಅಲ್ಲಿಂದಲೇ ಇರಬೇಕು.

‘ಎಳೆ’ಗೆ ಬರಬಹುದಾದ ಆಕ್ಷೇಪಗಳನ್ನು ನಾನೇ ಹೇಳಿಬಿಡುತ್ತೇನೆ. ಅದು ಕ್ರಿಯಾಪದವೂ ಹೌದು, ಮತ್ತು ಟೇಪನ್ನು ಯಂತ್ರ ಎಳೆಯುತ್ತದೆ ಎಂಬ ಮಾತು ಪುಟಕ್ಕೊಂದು ಸಲವಾದರೂ ಬರುತ್ತದೆ. ‘ಯಂತ್ರವು ಟೇಪನ್ನು ಎಳೆಯುವಾಗ ಎರಡನೆಯ ಎಳೆ ತಡವಾಗಿ ಕೇಳಿಸಿದರೆ’ ಎಂದು ಬರೆದು, ಓದಿ, ಅಳಿಸಿದ್ದೇನೆ. ಅಲ್ಲೆಲ್ಲ ‘ಟೇಪನ್ನು ಸಾಗಿಸುವಾಗ’ ಎಂದರೆ ತೊಡಕು ತೀರುತ್ತದೆಂದು ಭಾವಿಸಿದ್ದೇನೆ. ಅಂತರ್ಜಾಲದ ಚರ್ಚೆಗಳಿಗೂ ಈಗ ಎಳೆ ಎನ್ನುತ್ತಾರೆ, ಆದರೆ ಟೇಪಿನ ಮಾತಿನ ನಡುವೆ ಆ ಅರ್ಥ ಅಡ್ಡ ಬರಲಾರದು.

ಇದಕ್ಕೆ ಅಂಟಿಕೊಂಡೇ ಬರುವ ಇನ್ನೊಂದು ಪದ ‘ಓವರ್‌ಡಬ್’. ಇದನ್ನು ‘ಮೇಲ್ಮುದ್ರಣ’ ಎಂದು ಬರೆಯುವುದನ್ನು ಯಾರೂ ಒಪ್ಪಬಾರದೆಂದು ನಾನು ಗಟ್ಟಿಯಾಗಿ ಕೇಳಿಕೊಳ್ಳುತ್ತೇನೆ. ‘ಹಳೆಯ ಹಾಡಿನ ಮೇಲೆ ರೆಕಾರ್ಡ್ ಮಾಡಿಬಿಟ್ಟೆ’ ಎಂದರೆ ಕನ್ನಡದಲ್ಲಿ ಹಳೆಯದು ಅಳಿಸಿಹೋಯಿತು ಎಂದೇ ಅರ್ಥ. ಓವರ್‌ಡಬ್‌ನಲ್ಲಿ ಆಗುವುದು ಇದಕ್ಕೆ ತದ್ವಿರುದ್ಧ: ಹಳೆಯದು ಉಳಿಯುತ್ತದೆ, ಹೊಸದು ಪಕ್ಕದ ಪಟ್ಟೆಯಲ್ಲಿ ಸೇರುತ್ತದೆ. ನಾನು ‘ಜೊತೆಮುದ್ರಣ’ ಎಂದು ಬರೆದಿದ್ದೇನೆ. ಈ ಜೊತೆಮುದ್ರಣ ಸಾಧ್ಯವೇ ಇಲ್ಲವೇ ಎಂಬುದು ಪಟ್ಟೆಗಳ ಎಣಿಕೆಯಿಂದ ತಿಳಿಯುವುದಿಲ್ಲ. ಮೂರು ಹೆಡ್‌ಗಳ ರೀಲ್ ಯಂತ್ರದಲ್ಲಿ ಟೇಪು ಮೊದಲು ಅಳಿಸುವ ಹೆಡ್ಡನ್ನೂ, ಆಮೇಲೆ ಮುದ್ರಿಸುವ ಹೆಡ್ಡನ್ನೂ, ಕೊನೆಗೆ ಕೇಳಿಸುವ ಹೆಡ್ಡನ್ನೂ ಹಾದುಹೋಗುತ್ತದೆ. ಕೊನೆಯ ಎರಡರ ನಡುವೆ 3.8 ಸೆಂ.ಮೀ. ಅಂತರವಿದ್ದು, ಟೇಪು ಸೆಕೆಂಡಿಗೆ 19 ಸೆಂ.ಮೀ. ಸಾಗುತ್ತಿದ್ದರೆ, ಹಳೆಯ ದನಿ ಸೆಕೆಂಡಿನ ಐದನೆಯ ಒಂದು ಭಾಗದಷ್ಟು ತಡವಾಗಿ ಕಿವಿಗೆ ಬೀಳುತ್ತದೆ. ಅದನ್ನು ಕೇಳುತ್ತ ಹಾಡಿದರೆ ಹೊಸ ಎಳೆ ಟೇಪಿನಲ್ಲಿ ಅಷ್ಟೇ ಹಿಂದೆ ಬೀಳುತ್ತದೆ. ಈ ತೊಂದರೆಯನ್ನು ನೀಗಲು, ಮುದ್ರಿಸುವ ಹೆಡ್‌ನಲ್ಲೇ ಹಳೆಯ ಪಟ್ಟೆಗೆ ಸೇರಿದ ಭಾಗದಿಂದ ದನಿಯನ್ನು ಕೇಳಿಸುವ ಏರ್ಪಾಡನ್ನು ಮಾಡಿದರು. ಆಂಪೆಕ್ಸ್ ಅದನ್ನು ‘ಸೆಲ್-ಸಿಂಕ್’ ಎಂದೂ ಟಿಯಾಕ್ ‘ಸೈಮಲ್-ಸಿಂಕ್’ ಎಂದೂ ಕರೆದವು. ಹೊತ್ತಗೆಯಲ್ಲಿ ಇದಕ್ಕೆ ‘ಹೊಂದಾಣಿಕೆ’ ಎಂದರೆ ತೀರ ಸಡಿಲ, ‘ಏಕಕಾಲಿಕತೆ’ ಎಂದರೆ ಬಾಯಿಗೆ ಭಾರ. ಸದ್ಯಕ್ಕೆ ‘ಸಿಂಕ್’ ಎಂದೇ ಬಿಟ್ಟಿದ್ದೇನೆ.

ಮೂರು ಎಳೆ ತುಂಬಿದ ಮೇಲೆ ಜಾಗ ಮಾಡಿಕೊಳ್ಳಲು ಆ ಮೂರನ್ನೂ ಬೆರೆಸಿ ಖಾಲಿಯಿರುವ ನಾಲ್ಕನೆಯದಕ್ಕೆ ಇಳಿಸುವ ಪದ್ಧತಿಯಿದೆ. ಇದಕ್ಕೆ ‘ಬೌನ್ಸ್’ ಎನ್ನುತ್ತಾರೆ. ಎಳೆ ಎಂಬ ಪದವನ್ನು ಒಪ್ಪಿಕೊಂಡರೆ ಇಲ್ಲಿ ಕನ್ನಡವೇ ಮುಂದೆ ಬಂದು ಪದ ಕೊಡುತ್ತದೆ: ಎಳೆಗಳನ್ನು ‘ಹುರಿ ಮಾಡುವುದು’. ಮೂರೆಳೆಯನ್ನು ಹೊಸೆದು ಹುರಿ ಮಾಡಿದ ಮೇಲೆ ಯಾವ ಎಳೆಯನ್ನೂ ಬಿಡಿಸಲಾಗದಂತೆ, ಹೀಗೆ ಬೆರೆಸಿದ ಮೇಲೆ ಗಿಟಾರನ್ನು ತಗ್ಗಿಸಿ ದನಿಯನ್ನು ಏರಿಸಲು ಬರುವುದಿಲ್ಲ. ಹೊಸಬರು ಮರೆತು ಪೇಚಾಡುವ ಸಂಗತಿಯನ್ನು ಪದವೇ ನೆನಪಿಸುತ್ತದೆ ಎಂಬ ಕಾರಣಕ್ಕೆ ಇದು ನನಗೆ ಬಹಳ ಪ್ರಿಯವಾಗಿದೆ.

‘ಬದಿ’ಯ ಬಗ್ಗೆಯೂ ಒಂದು ಮಾತು. 1963ರಲ್ಲಿ ಫಿಲಿಪ್ಸ್ ಹೊರತಂದ ಕ್ಯಾಸೆಟ್ಟಿಗೆ ಎರಡು ಬದಿ ಎನ್ನುತ್ತೇವಾದರೂ ಟೇಪಿನ ಕಾಂತೀಯ ಲೇಪವಿರುವುದು ಒಂದೇ ಮೈಮೇಲೆ; ಬದಿ ಎಂದರೆ ಅದೇ ಮೈಯ ಅರ್ಧ ಅಗಲ. ನಾಲ್ಕೆಳೆಯ ಕ್ಯಾಸೆಟ್ ಯಂತ್ರ ಪೂರ್ತಿ ಅಗಲವನ್ನು ಒಂದೇ ದಿಕ್ಕಿನಲ್ಲಿ ಬಳಸುವುದರಿಂದ ಅಂಥ ಕ್ಯಾಸೆಟ್ಟಿಗೆ ಎರಡನೆಯ ಬದಿಯೇ ಇಲ್ಲ. ಮಾಮೂಲಿ ಯಂತ್ರದಲ್ಲಿ ಅದನ್ನು ತಿರುವಿ ಹಾಕಿದರೆ ಉಳಿದೆರಡು ಎಳೆಗಳು ಹಿಂದುಮುಂದಾಗಿ ಕೇಳಿಸುತ್ತವೆ. ಪೋರ್ಟಾಸ್ಟುಡಿಯೋ 144 ಮಾಮೂಲಿಗಿಂತ ಎರಡರಷ್ಟು ವೇಗದಲ್ಲಿ, ಎಂದರೆ ಸೆಕೆಂಡಿಗೆ ಸುಮಾರು 9.5 ಸೆಂ.ಮೀ.ನಂತೆ ಓಡುವ ಕಾರಣ, 60 ನಿಮಿಷದ ಕ್ಯಾಸೆಟ್ಟಿನಲ್ಲಿ ಅದಕ್ಕೆ ದೊರೆಯುವುದು 15 ನಿಮಿಷ ಮಾತ್ರ.

ಉಳಿದ ಕೆಲವು ಪದಗಳನ್ನು ಬೇಗನೆ ಹೇಳಿ ಮುಗಿಸುತ್ತೇನೆ. ಟೇಪಿನ ಹಿನ್ನೆಲೆ ಸದ್ದಿಗೆ ‘ಭುಸುಗುಡುವಿಕೆ’ ಬೇಡ. ಹಾವು ಬಿಟ್ಟು ಬಿಟ್ಟು ಭುಸುಗುಡುತ್ತದೆ, ಟೇಪಿನದು ಒಂದೇ ಸಮನೆ ಬರುವ ‘ಸುಯ್’ ಎಂಬ ಸದ್ದು. ವೇಗದ ಏರುಪೇರಿನಿಂದ ಸ್ವರ ನಿಧಾನವಾಗಿ ತೂಗಿದರೆ ‘ಓಲಾಟ’, ಬೇಗಬೇಗ ನಡುಗಿದರೆ ‘ಅದುರು’ ಎಂದಿದ್ದೇನೆ. ‘ಕಂಪನ’ವನ್ನು ಬಿಟ್ಟದ್ದು ಬೇಕೆಂದೇ, ಏಕೆಂದರೆ ಸಂಗೀತದಲ್ಲಿ ಕಂಪಿತವೆಂಬುದು ಹಾಡುವವರು ತಾವಾಗಿ ತರುವ ಗುಣ, ಇದು ಯಂತ್ರ ತರುವ ದೋಷ. ಒಂದು ಸುತ್ತಿನ ದನಿ ಪಕ್ಕದ ಸುತ್ತಿಗೆ ತಾಗಿ ಮೆಲ್ಲಗೆ ಮೊದಲೇ ಕೇಳಿಸುವುದಕ್ಕೆ, ಒಂದು ಬಟ್ಟೆಯ ಬಣ್ಣ ಇನ್ನೊಂದಕ್ಕೆ ಹತ್ತುವಂತೆ, ‘ದನಿ ಹತ್ತುವುದು’ ಎಂದಿದ್ದೇನೆ. ‘ಬಯಾಸ್’ ಮಾತ್ರ ಹಾಗೆಯೇ ಇರಲಿ. ಮುದ್ರಣ ವಿರೂಪಗೊಳ್ಳದಂತೆ ದನಿಯ ಜೊತೆಗೆ ಬೆರೆಸುವ, ಕಿವಿಗೆ ಕೇಳಿಸದಷ್ಟು ಹೆಚ್ಚಿನ ಆವರ್ತನದ ವಿದ್ಯುತ್ತನ್ನು ‘ಪೂರ್ವಗ್ರಹ’ವೆಂದೋ ‘ಪಕ್ಷಪಾತ’ವೆಂದೋ ಕರೆಯಲು ಸಾಧ್ಯವಿಲ್ಲ.

ಹಳೆಯ ಯಂತ್ರಗಳನ್ನು ಮಾರುವವರು ಬಳಸುವ ‘ಸುಸ್ಥಿತಿಯಲ್ಲಿದೆ’ ಎಂಬ ಮಾತಿನ ಬಗ್ಗೆಯೂ ಒಂದು ಪುಟ ಬರೆದಿದ್ದೇನೆ. ಅದರ ಬದಲಿಗೆ ನಾಲ್ಕು ಕ್ರಿಯಾಪದಗಳನ್ನು ಒಂದೊಂದಾಗಿ ಕೇಳಬೇಕೆಂಬುದು ನನ್ನ ಸಲಹೆ: ಓಡುತ್ತದೆಯೇ, ಹಾಡುತ್ತದೆಯೇ, ಮುದ್ರಿಸುತ್ತದೆಯೇ, ಅಳಿಸುತ್ತದೆಯೇ? ರೀಲು ತಿರುಗಿದರೆ ಓಡಿದಂತಾಯಿತೇ ಹೊರತು, ಟೇಪನ್ನು ಒತ್ತಿ ಹಿಡಿದು ಸಾಗಿಸುವ ರಬ್ಬರ್ ಉರುಳೆ ಗಟ್ಟಿಯಾಗಿದೆಯೇ, ಬೆಲ್ಟ್ ಕರಗಿ ಅಂಟಾಗಿದೆಯೇ, ಹೆಡ್‌ನ ಮೇಲೆ ಟೇಪು ತೇಯ್ದ ಹಳ್ಳ ಬಿದ್ದಿದೆಯೇ ಎಂಬುದು ಅದರಿಂದ ತಿಳಿಯುವುದಿಲ್ಲ. ನಾಲ್ಕೆಳೆಯ ಯಂತ್ರವಾದರೆ ಮೂರನೆಯ ಮತ್ತು ನಾಲ್ಕನೆಯ ಪ್ರಶ್ನೆಗಳನ್ನು ಎಳೆಗೊಂದರಂತೆ ಕೇಳಬೇಕು.

ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಹತ್ತಿಯನ್ನೋ ರೇಷ್ಮೆಯನ್ನೋ ನೇಯುವ, ನೂಲನ್ನು ಹುರಿ ಮಾಡುವ ಕಸುಬಿನ ನುಡಿ ಬಲ್ಲವರು, ಎಳೆ ಮತ್ತು ಹುರಿ ಎಂಬ ಪದಗಳನ್ನು ನಾನು ಅವುಗಳ ಅರ್ಥ ಕೆಡದಂತೆ ಬಳಸಿದ್ದೇನೆಯೇ ಎಂಬುದನ್ನು ತಿಳಿಸಬೇಕು. ಪಟ್ಟೆಗಿಂತ ಒಪ್ಪುವ ಪದವಿದ್ದರೆ ಅದನ್ನೂ ಕೊಡಬೇಕು. ಟೇಪ್ ಯಂತ್ರವನ್ನು ಎಂದೂ ಮುಟ್ಟದವರು ಹೊತ್ತಗೆಯ ಈ ವಾಕ್ಯವನ್ನು ಓದಿ, ಎಲ್ಲಿ ಎಡವಿದಿರೆಂದು ಬರೆದರೆ ಇನ್ನೂ ಒಳ್ಳೆಯದು: ‘ಯಂತ್ರದ ಮೇಲೆ ನಾಲ್ಕು ಎಂದು ಬರೆದಿದ್ದರೆ ಅದು ಪಟ್ಟೆಯ ಲೆಕ್ಕವೋ ಎಳೆಯ ಲೆಕ್ಕವೋ ಎಂದು ಮೊದಲು ಕೇಳಿ, ನಾಲ್ಕೂ ಒಂದೇ ದಿಕ್ಕಿನಲ್ಲಿ ಓಡಿ, ಒಂದೆಳೆಯನ್ನು ಕೇಳುತ್ತ ಇನ್ನೊಂದನ್ನು ಜೊತೆಮುದ್ರಿಸಲು ಬಂದರೆ ಮಾತ್ರ ಅದು ನಾಲ್ಕೆಳೆಯ ಯಂತ್ರ.’