ಪಿಯುಸಿ ಆದಮೇಲೆ ನಾಟಕವನ್ನೇ ಪದವಿಗೆ ಓದಬಹುದೇ?

ಪ್ರಶ್ನೆ: ತಂಗಿ ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ನೇರವಾಗಿ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಾದ ಎನ್‌ಎಸ್‌ಡಿಗೆ ಸೇರಬಹುದೇ? ಆಯ್ಕೆಗೆ ತಯಾರಿ ಹೇಗೆ?

ಉತ್ತರ 1: ಈಗಲೇ ಆಗದು. ಅಲ್ಲಿನ 3 ವರ್ಷದ ಡಿಪ್ಲೊಮಾಗೆ ಯಾವುದಾದರೂ ಪದವಿ ಆಗಿರಬೇಕು, ಜೊತೆಗೆ ನಾಟಕಗಳಲ್ಲಿ ಕೆಲಸ ಮಾಡಿದ ಅನುಭವವೂ ಬೇಕು. ಪದವಿಯಲ್ಲೇ ರಂಗಭೂಮಿ ಬೇಕೆಂದರೆ ಕಲ್ಲಿಕೋಟೆ ವಿಶ್ವವಿದ್ಯಾಲಯದ ತ್ರಿಶೂರಿನ ನಾಟಕ ಶಾಲೆ ನೋಡಿ. ಹೆಗ್ಗೋಡಿನ ನೀನಾಸಂ ತರಬೇತಿ ಬಹಳ ಗಟ್ಟಿ, ಆದರೆ ಅದು ಒಂದು ವರ್ಷದ ಡಿಪ್ಲೊಮಾ, ಪದವಿಗೆ ಸಮವಲ್ಲ.

ಉತ್ತರ 2: ತಲಾ 2-3 ನಿಮಿಷದ ಎರಡು ಸ್ವಗತ (ಪಾತ್ರವೊಂದು ಒಂಟಿಯಾಗಿ ಆಡುವ ಮಾತು) ಸಿದ್ಧವಿರಲಿ: ಒಂದು ಗಂಭೀರ, ಒಂದು ಹಾಸ್ಯ. ಒಂದು ಹಾಡೂ ಇರಲಿ. ಬಹಳ ಮಂದಿ ಸೋಲುವುದು ಅಳುವ ಭಾಗ ಆರಿಸಿ ಮೊದಲ ಸಾಲಿನಿಂದಲೇ ಕಿರುಚುವುದರಿಂದ. ಆಮೇಲೆ ದನಿ ಏರಿಸಲು ಜಾಗವೇ ಉಳಿಯುವುದಿಲ್ಲ. ಪರೀಕ್ಷಕರು ನಡುವೆ ತಡೆದು, 'ಇದೇ ಮಾತನ್ನು ಗುಟ್ಟು ಹೇಳುವಂತೆ ಹೇಳಮ್ಮ' ಅನ್ನಬಹುದು. ಕನ್ನಡಿ ಮುಂದೆ ಕೈಸನ್ನೆಗಳನ್ನು ಬಾಯಿಪಾಠದಂತೆ ಕಲಿತವರು ಅಲ್ಲೇ ತಡವರಿಸುತ್ತಾರೆ. ಒಂದೇ ಸ್ವಗತವನ್ನು ಮೂರು ಬೇರೆ ಸನ್ನಿವೇಶಗಳಲ್ಲಿ ಅಭ್ಯಾಸ ಮಾಡಲಿ.

ಉತ್ತರ 3: ನಟನೆಯೊಂದೇ ಅಲ್ಲ ಸ್ವಾಮಿ, ಬೆಳಕು, ರಂಗಸಜ್ಜಿಕೆ, ಪ್ರಸಾಧನ (ಮೇಕಪ್) ಎಲ್ಲ ಕಲಿಯಬೇಕು. ತಾಲೀಮು ರಾತ್ರಿವರೆಗೂ ಎಳೆಯುತ್ತದೆ. ಸೇರುವ ಮೊದಲೇ ಹಾಸ್ಟೆಲ್ ಗೇಟು ಮುಚ್ಚುವ ಹೊತ್ತು ವಿಚಾರಿಸಿ.